ನೆನಪಿನ ಅರ್ಥಗಾರಿಕೆ

ಎಸ್‌ಎಸ್‌ಎಲ್‌ಸಿ ಪರೀಕ್ಷೆ ಹತ್ತಿರವಾಗುತ್ತಿದ್ದಂತೆ ಹೆತ್ತವರಿಂದ ಕೇಳಿಬರುವ ದೂರು ವರ್ಷ ವರ್ಷವೂ ಒಂದೇ ಬಗೆಯದು: "ಮಾಷ್ಟ್ರೇ, ಓದುವುದು ಓದುತ್ತಾನೆ, ಆದರೆ ತಲೆಯಲ್ಲಿ ನಿಲ್ಲುವುದಿಲ್ಲ." ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪದ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ವಿಜ್ಞಾನ ಪಾಠ ಮಾಡುವ ನನಗೆ ಈ ಮಾತಿನೊಳಗೆ ಮನಸ್ಸಿನ ಕುರಿತಾದ ಒಂದು ಇಡೀ ಸಿದ್ಧಾಂತವೇ ಅಡಗಿರುವಂತೆ ತೋರುತ್ತದೆ. ತಲೆಯೆಂದರೆ ಸರಕು ತುಂಬಿಡುವ ಉಗ್ರಾಣ, ಓದುವುದೆಂದರೆ ಒಳಗೆ ಹಾಕುವುದು, ನೆನಪಾಗುವುದೆಂದರೆ ಹಾಕಿದ್ದನ್ನು ಹಾಕಿದಂತೆಯೇ ಹೊರತೆಗೆಯುವುದು, ಮರೆವೆಂದರೆ ಉಗ್ರಾಣದ ಸೋರಿಕೆ ಎಂಬುದೇ ಆ ಸಿದ್ಧಾಂತ. ಕಳೆದ ನೂರು ನೂರೈವತ್ತು ವರ್ಷಗಳಲ್ಲಿ ಮನಶ್ಶಾಸ್ತ್ರ ಮತ್ತು ನರವಿಜ್ಞಾನ ಕಂಡುಕೊಂಡ ಸಂಗತಿಗಳಲ್ಲಿ ಹೆಚ್ಚಿನವು ಈ ಕಲ್ಪನೆಗೆ ವಿರುದ್ಧವಾಗಿವೆ. ಮನಸ್ಸು ಒಂದು ಸಲಕ್ಕೆ ಒಳಗೆ ಬಿಟ್ಟುಕೊಳ್ಳುವುದು ಬಹಳ ಕಡಿಮೆ. ಉಳಿದದ್ದನ್ನೆಲ್ಲ ಅದು ಆ ಹೊತ್ತಿಗೆ ಬೇಕಾದಂತೆ ಕಟ್ಟಿಕೊಳ್ಳುತ್ತದೆ. ಈ ಬರಹದ ವಿಷಯ ಇಷ್ಟೇ.

ಮೊದಲು ಮೆದುಳಿನ ಲೆಕ್ಕವನ್ನು ಬೇಗ ಮುಗಿಸುತ್ತೇನೆ. ವಯಸ್ಕರ ಮೆದುಳಿನ ತೂಕ ಸುಮಾರು 1.3ರಿಂದ 1.4 ಕಿಲೋ, ಅಂದರೆ ದೇಹದ ತೂಕದಲ್ಲಿ ಶೇಕಡಾ 2ರಷ್ಟು. ಆದರೆ ನಾವು ಸುಮ್ಮನೆ ಕುಳಿತಿರುವಾಗಲೂ ದೇಹ ಬಳಸುವ ಶಕ್ತಿಯಲ್ಲಿ ಶೇಕಡಾ 20ರಷ್ಟು ಅದಕ್ಕೇ ಹೋಗುತ್ತದೆ. ಅದರಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಒಂದೊಂದು ಕೋಶವೂ ಸಿನಾಪ್ಸ್ ಎಂಬ ಸಂದುಗಳ ಮೂಲಕ ಸಾವಿರಾರು ಇತರ ಕೋಶಗಳೊಡನೆ ಸಂಪರ್ಕದಲ್ಲಿರುತ್ತದೆ, ಮತ್ತು ಕಲಿಕೆಯೆಂದರೆ ಮುಖ್ಯವಾಗಿ ಈ ಸಂಪರ್ಕಗಳು ಬಲಗೊಳ್ಳುವುದು ಅಥವಾ ಸಡಿಲವಾಗುವುದು. ಮನುಷ್ಯ ತನ್ನ ಮೆದುಳಿನ ಶೇಕಡಾ 10ನ್ನು ಮಾತ್ರ ಬಳಸುತ್ತಾನೆ ಎಂದು ವೇದಿಕೆಗಳಲ್ಲಿ ಈಗಲೂ ಹೇಳುವವರಿದ್ದಾರೆ. ಅದು ಶುದ್ಧ ಸುಳ್ಳು. ಇಷ್ಟೊಂದು ದುಬಾರಿಯಾದ ಅಂಗದ ಹತ್ತರಲ್ಲಿ ಒಂಬತ್ತು ಪಾಲನ್ನು ಯಾವ ಜೀವಿಯೂ ಸುಮ್ಮನೆ ಸಾಕಿಕೊಂಡು ಬರಲಾರದು. ಗಮನಿಸಬೇಕಾದದ್ದು ಬೇರೆ: ಒಂದು ಅನುಭವಕ್ಕೆ ಮೆದುಳಿನಲ್ಲಿ ಒಂದೇ ಜಾಗವಿಲ್ಲ. ಮಧೂರಿನ ದೇವಸ್ಥಾನದಲ್ಲಿ ತಿಂದ ಅಪ್ಪದ ನೆನಪಾದರೆ ಅದರ ಬಣ್ಣ ಒಂದೆಡೆ, ರುಚಿ ಇನ್ನೊಂದೆಡೆ, ಅಲ್ಲಿ ಕೇಳಿದ ಗಂಟೆಯ ಸದ್ದು ಮತ್ತೊಂದೆಡೆ ಇರುವ ಕೋಶಗಳ ಜಾಲಗಳಿಗೆ ಸೇರಿದವು. ನೆನಪು ಮಾಡಿಕೊಳ್ಳುವಾಗ ಅವನ್ನೆಲ್ಲ ಮತ್ತೆ ಜೋಡಿಸಬೇಕಾಗುತ್ತದೆ.

ಬಾಗಿಲಿನಿಂದಲೇ, ಅಂದರೆ ಗಮನದಿಂದಲೇ ಆರಂಭಿಸೋಣ. ಭಾರತೀಯ ತರ್ಕಶಾಸ್ತ್ರದ ಮೂಲಗ್ರಂಥವಾದ ಗೌತಮ ಮುನಿಯ ನ್ಯಾಯಸೂತ್ರದ ಮೊದಲ ಅಧ್ಯಾಯದಲ್ಲಿ "ಯುಗಪಜ್ಜ್ಞಾನಾನುತ್ಪತ್ತಿರ್ಮನಸೋ ಲಿಂಗಮ್" ಎಂಬ ಸೂತ್ರವಿದೆ. ಕಣ್ಣು, ಕಿವಿ, ಮೂಗುಗಳೆಲ್ಲ ಏಕಕಾಲದಲ್ಲಿ ತಮ್ಮ ತಮ್ಮ ವಿಷಯಗಳಿಗೆ ತೆರೆದುಕೊಂಡಿದ್ದರೂ ಅವುಗಳಿಂದ ಬರುವ ಅರಿವುಗಳು ಏಕಕಾಲದಲ್ಲಿ ಹುಟ್ಟುವುದಿಲ್ಲ. ಇಂದ್ರಿಯಗಳ ಆಚೆಗೆ ಮನಸ್ಸೆಂಬುದೊಂದು ಇದೆ ಎಂಬುದಕ್ಕೆ ಈ ಸಂಗತಿಯೇ ಗುರುತು ಎಂಬುದು ಅದರ ಅಭಿಪ್ರಾಯ. ಎಲ್ಲವೂ ಒಟ್ಟಿಗೇ ತಿಳಿಯುತ್ತಿದೆಯಲ್ಲ ಎಂಬ ಆಕ್ಷೇಪಕ್ಕೂ ನೈಯಾಯಿಕರು, ಅಂದರೆ ಆ ತರ್ಕ ಪರಂಪರೆಯವರು, ಉತ್ತರ ಇಟ್ಟುಕೊಂಡಿದ್ದರು: ಒಂದರ ಮೇಲೊಂದಿಟ್ಟ ನೂರು ತಾವರೆ ಎಸಳುಗಳನ್ನು ಸೂಜಿಯಿಂದ ಚುಚ್ಚಿದರೆ ಎಲ್ಲವೂ ಒಮ್ಮೆಗೇ ತೂತಾದಂತೆ ಕಂಡರೂ ಸೂಜಿ ಹಾದುಹೋದದ್ದು ಒಂದೊಂದನ್ನೇ. ಪ್ರಯೋಗಶಾಲೆಯಿಲ್ಲದ ಕಾಲದಲ್ಲಿ ಬರೀ ಯೋಚನೆಯಿಂದ ಇಲ್ಲಿಗೆ ತಲುಪಿದ್ದು ನನಗೆ ಬೆರಗು ಹುಟ್ಟಿಸುತ್ತದೆ. ಹಾಗೆಂದು ಆಧುನಿಕ ವಿಜ್ಞಾನವೆಲ್ಲ ನಮ್ಮ ಶಾಸ್ತ್ರಗಳಲ್ಲಿ ಮೊದಲೇ ಇತ್ತು ಎನ್ನುವವರ ಸಾಲಿನಲ್ಲಿ ನನ್ನನ್ನು ಕೂರಿಸಬಾರದು. ನೈಯಾಯಿಕರು ಮನಸ್ಸನ್ನು ಅಣುವಿನಷ್ಟು ಚಿಕ್ಕ ದ್ರವ್ಯವೆಂದು ಭಾವಿಸಿದ್ದರು, ಅದನ್ನು ಇಂದು ಯಾರೂ ಒಪ್ಪುವುದಿಲ್ಲ.

ಇದೇ ಸಂಗತಿಯನ್ನು 1999ರಲ್ಲಿ ಡೇನಿಯಲ್ ಸೈಮನ್ಸ್ ಮತ್ತು ಕ್ರಿಸ್ಟೋಫರ್ ಶಾಬ್ರಿ ಎಂಬ ಮನಶ್ಶಾಸ್ತ್ರಜ್ಞರು ಒಂದು ವೀಡಿಯೊದ ಮೂಲಕ ತೋರಿಸಿದರು. ಬಿಳಿ ಅಂಗಿಯವರು ಚೆಂಡನ್ನು ಎಷ್ಟು ಸಲ ಒಬ್ಬರಿಂದೊಬ್ಬರಿಗೆ ದಾಟಿಸುತ್ತಾರೆಂದು ಎಣಿಸಬೇಕು; ನಡುವೆ ಗೊರಿಲ್ಲಾ ವೇಷಧಾರಿಯೊಬ್ಬರು ಬಂದು, ಎದೆ ಬಡಿದುಕೊಂಡು, ಆಚೆ ಹೋಗುತ್ತಾರೆ. ನೋಡಿದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಗೊರಿಲ್ಲಾ ಕಾಣಲೇ ಇಲ್ಲ. ಅನುಭವ ಇದ್ದವರಿಗೆ ಹೀಗಾಗದು ಎಂದುಕೊಂಡರೆ ಅದೂ ಸರಿಯಲ್ಲ. 2013ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಶ್ವಾಸಕೋಶದ ಸಿಟಿ ಚಿತ್ರಗಳಲ್ಲಿ ಗಂಟುಗಳನ್ನು ಹುಡುಕುತ್ತಿದ್ದ 24 ಮಂದಿ ರೇಡಿಯಾಲಜಿಸ್ಟರ ಮುಂದೆ, ಸಾಮಾನ್ಯ ಗಂಟಿನ 48 ಪಟ್ಟು ದೊಡ್ಡದಾದ ಗೊರಿಲ್ಲಾ ಚಿತ್ರವನ್ನು ಸೇರಿಸಿ ಇಡಲಾಗಿತ್ತು. 20 ಮಂದಿ ಅದನ್ನು ಗುರುತಿಸಲಿಲ್ಲ. ಅವರ ಕಣ್ಣಿನ ಚಲನೆಯನ್ನು ದಾಖಲಿಸಿ ನೋಡಿದಾಗ ಹೆಚ್ಚಿನವರ ದೃಷ್ಟಿ ಗೊರಿಲ್ಲಾ ಇದ್ದ ಜಾಗಕ್ಕೆ ನೇರವಾಗಿಯೇ ಬಿದ್ದಿತ್ತು. ನಮ್ಮ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ತಲಪಾಡಿಯಿಂದ ಕಾಸರಗೋಡಿಗೆ ಬರುವಾಗ ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ಮಾತನಾಡುತ್ತಾ ಕಾರು ಓಡಿಸುವವರು, ಕೈಯಲ್ಲಿ ಫೋನ್ ಹಿಡಿದಿಲ್ಲವಲ್ಲ ಎಂದು ಸಮಾಧಾನಪಟ್ಟುಕೊಳ್ಳುತ್ತಾರೆ. ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಡೇವಿಡ್ ಸ್ಟ್ರೇಯರ್ ಅವರ ಪ್ರಯೋಗಗಳ ಪ್ರಕಾರ ಈ ಎರಡಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ, ಏಕೆಂದರೆ ತೊಂದರೆ ಇರುವುದು ಕೈಯಲ್ಲಲ್ಲ, ಸಂಭಾಷಣೆಯತ್ತ ಹೋದ ಗಮನದಲ್ಲಿ.

ಬಾಗಿಲು ಇಷ್ಟು ಇಕ್ಕಟ್ಟಾಗಿದ್ದರೂ ನಮಗೆ ಲೋಕ ಹರಕು ಹರಕಾಗಿ ಕಾಣುವುದಿಲ್ಲ. ಇದಕ್ಕೆ ನಾನು ತರಗತಿಯಲ್ಲಿ ಮಾಡಿಸುವ ಒಂದು ಸರಳ ಪ್ರಯೋಗವನ್ನು ಓದುಗರೂ ಈಗಲೇ ಮಾಡಬಹುದು. ಗೆರೆ ಹಾಕಿದ ನೋಟ್‌ಬುಕ್ಕಿನ ಒಂದೇ ಗೆರೆಯ ಮೇಲೆ ಎಡಗಡೆ ಒಂದು ಕೂಡಿಸುವ ಚಿಹ್ನೆಯನ್ನೂ ಅದರಿಂದ 8 ಸೆಂಟಿಮೀಟರ್ ಬಲಕ್ಕೆ ಕಡಲೆಗಾತ್ರದ ಕಪ್ಪು ಚುಕ್ಕೆಯನ್ನೂ ಬರೆಯಿರಿ. ಎಡಗಣ್ಣನ್ನು ಮುಚ್ಚಿ, ಬಲಗಣ್ಣನ್ನು ಕೂಡಿಸುವ ಚಿಹ್ನೆಯ ಮೇಲೆಯೇ ನೆಟ್ಟು, ಪುಸ್ತಕವನ್ನು ತೋಳಿನಷ್ಟು ದೂರದಿಂದ ನಿಧಾನವಾಗಿ ಹತ್ತಿರ ತನ್ನಿ. ಒಂದು ಅಡಿಯ ಆಸುಪಾಸಿಗೆ ಬಂದಾಗ ಚುಕ್ಕೆ ಮಾಯವಾಗುತ್ತದೆ. ದೃಷ್ಟಿನರವು ಕಣ್ಣಿನಿಂದ ಹೊರಹೋಗುವ ಜಾಗದಲ್ಲಿ ಬೆಳಕನ್ನು ಗ್ರಹಿಸುವ ಕೋಶಗಳೇ ಇಲ್ಲದಿರುವುದು ಇದಕ್ಕೆ ಕಾರಣ. ಈ ಕುರುಡು ಬಿಂದುವನ್ನು 17ನೆಯ ಶತಮಾನದಲ್ಲಿ ಫ್ರಾನ್ಸಿನ ಎಡ್ಮೆ ಮರಿಯೊತ್ ಕಂಡುಹಿಡಿದರು. ಮಕ್ಕಳು ಚುಕ್ಕೆ ಮಾಯವಾದದ್ದಕ್ಕೆ ಕೂಗಾಡುತ್ತಾರೆ, ಆದರೆ ನಾನು ಅವರ ಗಮನವನ್ನು ಗೆರೆಯತ್ತ ತಿರುಗಿಸುತ್ತೇನೆ. ಚುಕ್ಕೆಯಿದ್ದ ಜಾಗದಲ್ಲಿ ತೂತು ಕಾಣುವುದಿಲ್ಲ, ನೋಟ್‌ಬುಕ್ಕಿನ ಗೆರೆ ಅಲ್ಲಿ ಕಡಿಯದೆ ಮುಂದುವರಿದಂತೆ ಕಾಣುತ್ತದೆ. ಕಣ್ಣು ಕಳುಹಿಸದ ಆ ಗೆರೆಯನ್ನು ಎಳೆದದ್ದು ಮೆದುಳು. ಅಕ್ಕಪಕ್ಕದಲ್ಲಿ ಏನಿದೆಯೋ ಅದನ್ನು ನೋಡಿ ನಡುವೆ ಏನಿರಬೇಕೆಂದು ಅದು ಊಹಿಸಿತು, ಊಹೆಯನ್ನು ನಮಗೆ ನೋಟವಾಗಿ ಒಪ್ಪಿಸಿತು. 19ನೆಯ ಶತಮಾನದ ಜರ್ಮನ್ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ನೋಡುವ ಕ್ರಿಯೆಯನ್ನೇ ಅರಿವಿಗೆ ಬಾರದ ಊಹೆ ಎಂದು ಕರೆದಿದ್ದರು. ಇಂದಿನ ನರವಿಜ್ಞಾನಿಗಳಲ್ಲಿ ಬಹಳ ಮಂದಿ ಆ ದಾರಿಯಲ್ಲಿಯೇ ನಡೆಯುತ್ತಿದ್ದಾರೆ.

ಹೀಗೆ ಒಳಗೆ ಬಂದದ್ದರಲ್ಲಿ ಒಂದು ಕ್ಷಣಕ್ಕೆ ಮನಸ್ಸಿನಲ್ಲಿ ಹಿಡಿದಿಟ್ಟುಕೊಂಡು ಕೆಲಸ ಮಾಡಬಹುದಾದದ್ದೂ ಸ್ವಲ್ಪವೇ. 1956ರಲ್ಲಿ ಮನಶ್ಶಾಸ್ತ್ರಜ್ಞ ಜಾರ್ಜ್ ಮಿಲ್ಲರ್ ಅದನ್ನು ಏಳು ಅಂಶಗಳು, ಎರಡು ಹೆಚ್ಚು ಅಥವಾ ಎರಡು ಕಡಿಮೆ, ಎಂದು ಲೆಕ್ಕ ಹಾಕಿದರು. 2001ರಲ್ಲಿ ನೆಲ್ಸನ್ ಕೋವನ್ ಅದನ್ನು ಇನ್ನೂ ಇಳಿಸಿ ನಾಲ್ಕರ ಸುತ್ತಮುತ್ತ ತಂದರು. ಆದರೆ ಏಳೋ ನಾಲ್ಕೋ ಎಂಬುದಕ್ಕಿಂತ ಏನನ್ನು ಒಂದು ಎಂದು ಎಣಿಸುತ್ತೇವೆ ಎಂಬುದು ಮುಖ್ಯ. ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ 1973ರಲ್ಲಿ ಚದುರಂಗದ ಆಟಗಾರರಿಗೆ ನಿಜವಾದ ಆಟದ ನಡುವಿನ ಒಂದು ಸ್ಥಿತಿಯನ್ನು ಐದು ಸೆಕೆಂಡು ತೋರಿಸಿ ಮುಚ್ಚಿದಾಗ, ನುರಿತ ಆಟಗಾರ ಹೊಸಬನಿಗಿಂತ ಎಷ್ಟೋ ಹೆಚ್ಚು ಕಾಯಿಗಳನ್ನು ಸರಿಯಾದ ಜಾಗದಲ್ಲಿಟ್ಟ. ಕಾಯಿಗಳನ್ನು ಮನಸ್ಸಿಗೆ ಬಂದಂತೆ ಹರಡಿ ತೋರಿಸಿದಾಗ ಅವನ ಮೇಲುಗೈ ಹೆಚ್ಚುಕಡಿಮೆ ಇಲ್ಲವಾಯಿತು. ಅವನಿಗೆ ಇದ್ದದ್ದು ದೊಡ್ಡ ನೆನಪಿನ ಶಕ್ತಿಯಲ್ಲ. ಐದಾರು ಕಾಯಿಗಳನ್ನು ಒಂದೇ ಆಕಾರವಾಗಿ ನೋಡುವ ಪರಿಚಯ. ಪರೀಕ್ಷೆಯ ಹೊತ್ತಿಗೆ ನೆನಪಿನ ಶಕ್ತಿ ಹೆಚ್ಚಿಸುತ್ತವೆಂದು ಮಾರಾಟವಾಗುವ ಲೇಹ್ಯ, ಮಾತ್ರೆಗಳನ್ನು ನಾನು ನಂಬದಿರುವುದಕ್ಕೆ ಇದೂ ಒಂದು ಕಾರಣ: ಪರಿಚಯವನ್ನು ಡಬ್ಬಿಯಲ್ಲಿ ತುಂಬಿ ಕೊಡಲಾಗದು.

ಈ ಮಾತಿಗೆ ನಮ್ಮ ಊರಿನಲ್ಲಿ ಚದುರಂಗಕ್ಕಿಂತ ಒಳ್ಳೆಯ ಉದಾಹರಣೆ ಇದೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ, ಯಕ್ಷಗಾನದ ಮಾತಿನ ರೂಪವಾದ ತಾಳಮದ್ದಳೆಯ ಕೂಟ ನೋಡದೆ ಬೆಳೆದವರು ಕಡಿಮೆ. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಪ್ರಸಂಗದ ಪದ್ಯ ಹೇಳುತ್ತಾರೆ, ಅರ್ಥಧಾರಿ ಕುಳಿತಲ್ಲಿಂದಲೇ ಆ ಪದ್ಯದ ಎಳೆಯನ್ನು ಹಿಡಿದು ಪಾತ್ರವಾಗಿ ಮಾತನಾಡುತ್ತಾನೆ. ನಾಲ್ಕು ಸಾಲಿನ ಪದ್ಯಕ್ಕೆ ಅರ್ಧ ಗಂಟೆಯ ಅರ್ಥ ಬರುವುದುಂಟು, ಮತ್ತು ಅದರಲ್ಲಿ ಒಂದು ವಾಕ್ಯವೂ ಬರೆದಿಟ್ಟದ್ದಲ್ಲ. ವಾಲಿವಧೆಯಲ್ಲಿ ಬಾಣ ತಗುಲಿ ಬಿದ್ದ ವಾಲಿ, ಮರೆಯಲ್ಲಿ ನಿಂತು ಹೊಡೆದದ್ದು ಯಾವ ಕ್ಷತ್ರಿಯ ಧರ್ಮ ಎಂದು ರಾಮನನ್ನು ಕೇಳುವ ಪ್ರಶ್ನೆ ಎಲ್ಲರಿಗೂ ಗೊತ್ತು. ಆದರೆ ಆ ಪ್ರಶ್ನೆಗೆ ಇಂದಿನ ರಾಮ ಯಾವ ಕಡೆಯಿಂದ ಉತ್ತರ ಕೊಡುತ್ತಾನೆಂಬುದು ವಾಲಿಯ ಅರ್ಥಧಾರಿಗೆ ಮೊದಲೇ ತಿಳಿದಿರುವುದಿಲ್ಲ. ಕಾಸರಗೋಡಿನವರೇ ಆದ ಶೇಣಿ ಗೋಪಾಲಕೃಷ್ಣ ಭಟ್ಟರ (1918–2006) ಅರ್ಥಗಾರಿಕೆಯನ್ನು ಜನ ಇಂದಿಗೂ ಕೊಂಡಾಡುವುದು ಎದುರಿನ ಮಾತನ್ನು ಹಿಡಿದು ಅಲ್ಲಿಯೇ ಹೊಸ ತರ್ಕವನ್ನು ಬೆಳೆಸುವ ಆ ಶಕ್ತಿಗಾಗಿ.

ಒಂದು ಮನೆಯ ಪೂಜೆಯ ಪ್ರಯುಕ್ತ ನಡೆದ ಕೂಟದ ಮರುದಿನ, ವಾಲಿಯ ಅರ್ಥ ಹೇಳಿದ್ದ ಹಿರಿಯರ ಬಳಿ ಕುಳಿತು, ಹಿಂದಿನ ರಾತ್ರಿ ಅವರು ತಾರೆಯ ಮಾತಿನ ಪ್ರಸ್ತಾಪ ತಂದ ಭಾಗವನ್ನು ಇನ್ನೊಮ್ಮೆ ಹಾಗೆಯೇ ಹೇಳಬಹುದೇ ಎಂದು ಕೇಳಿದ್ದೆ. ಅವರು ಎಲೆಗೆ ಸುಣ್ಣ ಹಚ್ಚುತ್ತಾ ಸ್ವಲ್ಪ ಹೊತ್ತು ಯೋಚಿಸಿದರು. "ಮಾತು ಎಲ್ಲಿ ನೆನಪಿರುತ್ತದೆ ಮಾಷ್ಟ್ರೇ? ಪದ್ಯ ಉಂಟು, ಎದುರಿನಲ್ಲಿ ರಾಮ ಇದ್ದಾರೆ, ಹಾಗೆ ಮಾತು ಬಂತು. ಇನ್ನೊಮ್ಮೆ ಕೂತರೆ ಇನ್ನೊಂದು ಬರುತ್ತದೆ" ಎಂದರು. ಆದರೆ ಯಾವ ಪ್ರಶ್ನೆಯ ನಂತರ ಯಾವ ಪ್ರಶ್ನೆ ಬಂತು, ರಾಮ ಎಲ್ಲಿ ಜಾರಿಕೊಂಡ, ತಾನು ಎಲ್ಲಿ ಅವನನ್ನು ಕಟ್ಟಿಹಾಕಿದೆ ಎಂಬುದನ್ನು ಅವರು ತಡೆಯಿಲ್ಲದೆ ಒಂದೊಂದಾಗಿ ಹೇಳಿದರು. ಅವರಲ್ಲಿ ಉಳಿದದ್ದು ಕಥೆಯ ಹಂದರ ಮತ್ತು ವಾದದ ಗಂಟುಗಳು. ಮಾತು ಆಯಾ ಹೊತ್ತಿನದು.

ನಮ್ಮೆಲ್ಲರ ನೆನಪೂ ನಡೆಯುವುದು ಹೀಗೆಯೇ, ಆದರೆ ನಾವು ಅರ್ಥ ಹೇಳುತ್ತಿದ್ದೇವೆಂಬುದು ನಮಗೆ ತಿಳಿದಿರುವುದಿಲ್ಲ ಎಂಬುದೊಂದೇ ವ್ಯತ್ಯಾಸ. ಕೇಂಬ್ರಿಜ್‌ನ ಫ್ರೆಡರಿಕ್ ಬಾರ್ಟ್‌ಲೆಟ್ 1932ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಉತ್ತರ ಅಮೆರಿಕದ ಮೂಲನಿವಾಸಿಗಳ ಜಾನಪದ ಕಥೆಯೊಂದನ್ನು ಇಂಗ್ಲಿಷರಿಗೆ ಓದಿಸಿ, ದಿನಗಳು, ತಿಂಗಳುಗಳು ಕಳೆದ ಮೇಲೆ ಮತ್ತೆ ಮತ್ತೆ ಹೇಳಿಸಿದರು. ಓದಿದವರಿಗೆ ಅಪರಿಚಿತವಾದ ಸಂಗತಿಗಳು ಒಂದೊಂದಾಗಿ ಉದುರಿದವು, ಉಳಿದವು ಅವರಿಗೆ ಪರಿಚಿತವಾದ ರೂಪಕ್ಕೆ ತಿರುಗಿದವು. ಸೀಲ್ ಪ್ರಾಣಿಯ ಬೇಟೆ ಕೆಲವರ ಬಾಯಲ್ಲಿ ಮೀನು ಹಿಡಿಯುವುದಾಯಿತು. ಯಾರೂ ಬೇಕೆಂದು ಬದಲಿಸಲಿಲ್ಲ. ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ 1974ರಲ್ಲಿ ಇದನ್ನು ಇನ್ನಷ್ಟು ಹರಿತಗೊಳಿಸಿದರು. ಕಾರು ಅಪಘಾತದ ಚಿತ್ರವನ್ನು ತೋರಿಸಿ, ಕಾರುಗಳು ಒಂದಕ್ಕೊಂದು ಅಪ್ಪಳಿಸಿದಾಗ ವೇಗ ಎಷ್ಟಿತ್ತು ಎಂದು ಕೇಳಿದವರಿಗೆ ಸರಾಸರಿ ಗಂಟೆಗೆ 40.8 ಮೈಲಿ ಎಂಬ ಉತ್ತರ ಸಿಕ್ಕಿತು. ತಾಗಿದಾಗ ಎಷ್ಟಿತ್ತು ಎಂದು ಕೇಳಿದಾಗ ಸಿಕ್ಕಿದ್ದು 31.8. ಇನ್ನೊಂದು ಸುತ್ತಿನಲ್ಲಿ ವಾರದ ಬಳಿಕ ಒಡೆದ ಗಾಜನ್ನು ನೋಡಿದಿರಾ ಎಂದು ವಿಚಾರಿಸಿದಾಗ, ಅಪ್ಪಳಿಸಿದ ಎಂಬ ಪ್ರಶ್ನೆ ಕೇಳಿಸಿಕೊಂಡಿದ್ದ 50 ಮಂದಿಯಲ್ಲಿ 16 ಮಂದಿ ಹೌದೆಂದರು. ಚಿತ್ರದಲ್ಲಿ ಒಡೆದ ಗಾಜೇ ಇರಲಿಲ್ಲ. ಕಣ್ಣಾರೆ ಕಂಡೆ ಎಂಬ ಮಾತಿಗೆ ನ್ಯಾಯಾಲಯಗಳಲ್ಲಿಯೂ ಕುಟುಂಬದ ಜಗಳಗಳಲ್ಲಿಯೂ ನಾವು ಕೊಡುವ ತೂಕ ಈ ಪ್ರಯೋಗಗಳನ್ನು ಓದಿದ ಮೇಲೆ ನನಗೆ ಅತಿಯಾಯಿತೆನಿಸುತ್ತದೆ. ಪಾಲುಪಟ್ಟಿಯ ಸಮಯದಲ್ಲಿ ಅಜ್ಜ ಏನು ಹೇಳಿದ್ದರು ಎಂಬುದನ್ನು ಅಣ್ಣನೂ ತಮ್ಮನೂ ಬೇರೆ ಬೇರೆಯಾಗಿ ನೆನಪಿಟ್ಟುಕೊಂಡಿದ್ದರೆ, ಇಬ್ಬರಲ್ಲಿ ಒಬ್ಬ ಸುಳ್ಳುಗಾರನೇ ಆಗಿರಬೇಕೆಂದಿಲ್ಲ.

ಎಲ್ಲ ಬಗೆಯ ನೆನಪಿಗೂ ಈ ಮಾತು ಅನ್ವಯಿಸುವುದಿಲ್ಲ ಎಂಬುದನ್ನು ಹೆನ್ರಿ ಮೊಲೈಸನ್ ಎಂಬ ಒಬ್ಬ ರೋಗಿಯಿಂದ ಜಗತ್ತು ಕಲಿಯಿತು. ತೀವ್ರವಾದ ಅಪಸ್ಮಾರದಿಂದ ನರಳುತ್ತಿದ್ದ ಆತನಿಗೆ 1953ರಲ್ಲಿ, 27ನೆಯ ವಯಸ್ಸಿನಲ್ಲಿ, ಅಮೆರಿಕದ ಹಾರ್ಟ್‌ಫರ್ಡ್‌ನಲ್ಲಿ ವಿಲಿಯಂ ಸ್ಕೋವಿಲ್ ಶಸ್ತ್ರಚಿಕಿತ್ಸೆ ಮಾಡಿ, ಮೆದುಳಿನ ಎರಡೂ ಪಾರ್ಶ್ವಗಳಿಂದ ಹಿಪ್ಪೊಕ್ಯಾಂಪಸ್ ಎಂಬ ಒಳ ಅಂಗದ ಬಹುಭಾಗವನ್ನು ತೆಗೆದರು. ಅಪಸ್ಮಾರ ಕಡಿಮೆಯಾಯಿತು, ಆದರೆ ಅಂದಿನಿಂದ 2008ರಲ್ಲಿ ತೀರಿಕೊಳ್ಳುವವರೆಗೆ ಆತನಲ್ಲಿ ಹೊಸ ಘಟನೆಯ ನೆನಪು ನೆಲೆಯೂರಲಿಲ್ಲ. ದಶಕಗಳ ಕಾಲ ಆತನನ್ನು ಅಧ್ಯಯನ ಮಾಡಿದ ಬ್ರೆಂಡಾ ಮಿಲ್ನರ್ ಪ್ರತಿ ಭೇಟಿಯಲ್ಲಿಯೂ ಆತನಿಗೆ ಹೊಸಬರೇ. ಆಕೆ ಆತನಿಗೆ ಕನ್ನಡಿಯಲ್ಲಿ ಮಾತ್ರ ನೋಡುತ್ತಾ ನಕ್ಷತ್ರದ ಅಂಚಿನ ಮೇಲೆ ಗೆರೆ ಎಳೆಯುವ ಅಭ್ಯಾಸ ಕೊಟ್ಟಾಗ, ಹಿಂದೆ ಮಾಡಿದ್ದು ಕಿಂಚಿತ್ತೂ ನೆನಪಿಲ್ಲದಿದ್ದರೂ ದಿನದಿಂದ ದಿನಕ್ಕೆ ಆತನ ಕೈ ಪಳಗುತ್ತಾ ಹೋಯಿತು. ಕೈಕಸುಬಿನ ನೆನಪಿಗೆ ಬೇರೆಯೇ ವ್ಯವಸ್ಥೆಯಿದೆ ಎಂಬುದಕ್ಕೆ ಅದು ಮೊದಲ ಸ್ಪಷ್ಟ ಸಾಕ್ಷಿ. ನಮ್ಮಲ್ಲಿ ಅಡಿಕೆ ಸುಲಿಯುವವರು ಊರಿನ ಸುದ್ದಿಯನ್ನೆಲ್ಲ ಮಾತನಾಡುತ್ತಲೇ ಕೈ ನಿಲ್ಲಿಸದೆ ರಾಶಿ ಮುಗಿಸುತ್ತಾರೆ. ಹೇಗೆ ಸುಲಿಯುವುದೆಂದು ಬಾಯಲ್ಲಿ ವಿವರಿಸಿ ಎಂದರೆ ತಡವರಿಸುತ್ತಾರೆ, ಏಕೆಂದರೆ ಆ ವಿದ್ಯೆ ಮಾತಿನ ದಾರಿಯಲ್ಲಿ ಒಳಗೆ ಹೋದದ್ದಲ್ಲ.

ಇನ್ನು ಹೆತ್ತವರ ದೂರಿಗೆ ಬರುತ್ತೇನೆ. ಓದಿದ್ದನ್ನೇ ಮತ್ತೆ ಮತ್ತೆ ಓದಿದರೆ ಅದು ಪರಿಚಿತವೆನಿಸುತ್ತದೆ. ಪರಿಚಿತವೆನಿಸಿದ್ದು ತಮಗೆ ಬರುತ್ತದೆ ಎಂದು ಮಕ್ಕಳು ಭ್ರಮಿಸುತ್ತಾರೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಸಂಶೋಧಕರು ವಿದ್ಯಾರ್ಥಿಗಳ ಒಂದು ಗುಂಪಿಗೆ ಪಾಠವನ್ನು ಎರಡು ಸಲ ಓದಿಸಿದರು, ಇನ್ನೊಂದು ಗುಂಪಿಗೆ ಒಮ್ಮೆ ಓದಿಸಿ, ನಂತರ ಪುಸ್ತಕ ಮುಚ್ಚಿ ನೆನಪಿದ್ದಷ್ಟನ್ನು ಬರೆಸಿದರು. ಐದು ನಿಮಿಷದ ಬಳಿಕ ಎರಡು ಸಲ ಓದಿದವರೇ ಮುಂದಿದ್ದರು, ಶೇಕಡಾ 81ಕ್ಕೆ 75. ವಾರದ ಬಳಿಕ ಲೆಕ್ಕ ತಿರುಗಿತು: ಓದಿದವರಲ್ಲಿ ಉಳಿದದ್ದು ಶೇಕಡಾ 42, ಬರೆದವರಲ್ಲಿ 56. ನೆನಪು ಕಟ್ಟುವ ಕೆಲಸವೇ ಆಗಿದ್ದರೆ ಅಭ್ಯಾಸ ಮಾಡಬೇಕಾದದ್ದೂ ಕಟ್ಟುವುದನ್ನೇ. ಇದರೊಡನೆ ಒಂದೇ ದಿನ ನಾಲ್ಕು ಗಂಟೆ ಕೂರುವುದಕ್ಕಿಂತ ನಾಲ್ಕು ದಿನ ಒಂದೊಂದು ಗಂಟೆ ಕೂರುವುದು ಮೇಲೆಂಬುದು 1885ರಲ್ಲಿ ಹರ್ಮನ್ ಎಬ್ಬಿಂಗ್‌ಹೌಸ್ ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡ ಕಾಲದಿಂದ ಗೊತ್ತಿರುವ ವಿಚಾರ. ನಿದ್ದೆಯಲ್ಲಿ ಹಿಪ್ಪೊಕ್ಯಾಂಪಸ್ ಹಗಲಿನ ಅನುಭವಗಳನ್ನು ಮರುನಡೆಸಿ ಅವು ನೆಲೆಯೂರಲು ನೆರವಾಗುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿ ಮಗುವನ್ನು ಎರಡು ಗಂಟೆಯವರೆಗೆ ಎಚ್ಚರವಿರಿಸುವ ಹೆತ್ತವರಿಗೆ ನಾನು ಇದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ.

ಕೊನೆಯದಾಗಿ ನಮ್ಮ ಜಿಲ್ಲೆಗೆ ವಿಶೇಷವಾದ ಒಂದು ಮಾತು. ನನ್ನ ತರಗತಿಯ ಹುಡುಗಿಯೊಬ್ಬಳು ಮನೆಯಲ್ಲಿ ಹವ್ಯಕ ಮಾತನಾಡುತ್ತಾಳೆ, ಗೆಳತಿಯೊಡನೆ ತುಳು, ಬಸ್ಸಿನ ಕಂಡಕ್ಟರನೊಡನೆ ಮಲಯಾಳ, ನನ್ನೊಡನೆ ಪುಸ್ತಕದ ಕನ್ನಡ. ಒಂದು ಭಾಷೆ ಆಡುವಾಗ ಉಳಿದವು ಮಲಗಿರುತ್ತವೆಂದು ನಾವು ಭಾವಿಸುತ್ತೇವೆ. 1999ರಲ್ಲಿ ಮೈಕಲ್ ಸ್ಪೈವಿ ಮತ್ತು ವಿಯೋರಿಕಾ ಮರಿಯನ್ ರಷ್ಯನ್ ಮತ್ತು ಇಂಗ್ಲಿಷ್ ಎರಡನ್ನೂ ಬಲ್ಲವರ ಕಣ್ಣಿನ ಚಲನೆಯನ್ನು ಗಮನಿಸಿದರು. ಅಂಚೆಚೀಟಿಯ ಕುರಿತು ರಷ್ಯನ್ ಭಾಷೆಯಲ್ಲಿ ಸೂಚನೆ ಕೊಡುವಾಗ 'ಮಾರ್ಕು' ಎಂಬ ಸದ್ದು ಬರುತ್ತದೆ. ಅದು ಕಿವಿಗೆ ಬಿದ್ದೊಡನೆ ಅವರ ಕಣ್ಣು ಮೇಜಿನ ಮೇಲಿದ್ದ ಮಾರ್ಕರ್ ಪೆನ್ನಿನತ್ತಲೂ ಹರಿಯುತ್ತಿತ್ತು, ಆ ಹೊತ್ತಿಗೆ ಇಂಗ್ಲಿಷಿನ ಸುಳಿವೇ ಇಲ್ಲದಿದ್ದರೂ. ಅಂದರೆ ಬಲ್ಲ ಭಾಷೆಗಳೆಲ್ಲವೂ ಒಟ್ಟಿಗೆ ಎಚ್ಚರವಾಗಿರುತ್ತವೆ, ಮತ್ತು ಬೇಡದ್ದನ್ನು ಅದುಮಿ ಬೇಕಾದದ್ದನ್ನು ಆರಿಸುವ ಕೆಲಸವನ್ನು ಮನಸ್ಸು ಪ್ರತಿ ವಾಕ್ಯಕ್ಕೂ ಮಾಡುತ್ತಿರುತ್ತದೆ. ಬಾಗಿಲು ಕಾಯುವ ಆ ಗಮನವೇ ಇಲ್ಲಿಯೂ ದುಡಿಯುವುದು.

ಈ ನಿತ್ಯದ ವ್ಯಾಯಾಮದಿಂದ ಮೆದುಳಿಗೆ ಲಾಭವಿದೆಯೇ ಎಂಬ ಬಗ್ಗೆ ಸಂಶೋಧಕರಲ್ಲಿ ಜಗಳ ಮುಗಿದಿಲ್ಲ. ಲಾಭವಿದೆ ಎಂದ ಅಧ್ಯಯನಗಳಿವೆ, ಕಾಣಲಿಲ್ಲ ಎಂದವೂ ಇವೆ. ಅವುಗಳಲ್ಲಿ ಹೆಚ್ಚು ಚರ್ಚೆಗೆ ಬಂದದ್ದು ನಮ್ಮ ದೇಶದ್ದೇ. ಹೈದರಾಬಾದಿನ ನಿಜಾಮ್ಸ್ ವೈದ್ಯಕೀಯ ಸಂಸ್ಥೆಯಲ್ಲಿ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಮರೆಗುಳಿತನದ 648 ರೋಗಿಗಳ ವಿವರಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದ ವರದಿಯಂತೆ, ಎರಡು ಭಾಷೆ ಬಲ್ಲವರಲ್ಲಿ ರೋಗದ ಲಕ್ಷಣಗಳು ಒಂದೇ ಭಾಷೆಯವರಿಗಿಂತ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿದ್ದವು. ಶಾಲೆಯ ಮೆಟ್ಟಿಲು ಹತ್ತದವರಲ್ಲಿಯೂ ಈ ಅಂತರ ಇದ್ದದ್ದರಿಂದ ಇದು ಬರೀ ವಿದ್ಯಾಭ್ಯಾಸದ ಫಲವೆನ್ನುವಂತಿರಲಿಲ್ಲ. ಆದರೆ ಎರಡರ ಮೇಲೆ ಮೂರನೆಯದೋ ನಾಲ್ಕನೆಯದೋ ಭಾಷೆ ಗೊತ್ತಿದ್ದವರಿಗೆ ಅದಕ್ಕಿಂತ ಹೆಚ್ಚಿನ ಲಾಭವೇನೂ ಕಂಡುಬರಲಿಲ್ಲ. ಸಪ್ತಭಾಷೆಗಳ ನಾಡಿನವರೆಂದು ವೇದಿಕೆಯಲ್ಲಿ ಬೀಗುವ ನಾವು ಉಳಿದ ಐದು ಭಾಷೆಗಳಿಗೆ ಬೇರೆ ಸಮರ್ಥನೆ ಹುಡುಕಿಕೊಳ್ಳಬೇಕು. ಬಸ್ಸಿನಲ್ಲಿ ಟಿಕೆಟಿನ ಚಿಲ್ಲರೆ ಸರಿಯಾಗಿ ಸಿಗುತ್ತದೆಂಬುದು ಸದ್ಯಕ್ಕೆ ನನಗೆ ಸಾಕು.